ಹೋದ ವಾರ ಇಳಿದ ಜಾಗ

ನಮ್ಮ ಹಿತ್ತಲಿಗೂ ಪಕ್ಕದ ಕಾಕಾನ ಹಿತ್ತಲಿಗೂ ನಡುವೆ ಇರುವುದು ಬೇಲಿ ಅಂದರೆ ಬೇಲಿ, ಇಲ್ಲ ಅಂದರೆ ಇಲ್ಲ. ನಾಲ್ಕು ಕಲ್ಲುಗಂಬ, ಎರಡೆಳೆ ತಂತಿ, ಅದರ ಮೇಲೆ ಹಬ್ಬಿದ ಹೀರೆಬಳ್ಳಿ. ಬಳ್ಳಿ ಹಾಕಿದವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಕಾಯಿ ಯಾವ ಮಗ್ಗುಲಿಗೆ ಜೋತುಬಿದ್ದಿದೆಯೋ ಆ ಮನೆಯವರದು ಎಂದು ಕಾನೂನು ಮಾಡಿಕೊಂಡಿದ್ದೇವೆ. ಮುಂಜಾನೆ ಆರೂವರೆಗೆ ನಾನು ಚಹಾದ ಲೋಟ ಹಿಡಿದು ಈಚೆ, ಕಾಕಾ ಬೇವಿನ ಕಡ್ಡಿ ಜಗಿಯುತ್ತ ಆಚೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತಲ್ಲ, ಅದನ್ನು ಹೇಗೆ ಕೂಡಿಸಬೇಕು ಎಂಬುದನ್ನು ಎಂಜಿನಿಯರುಗಳಿಗಿಂತ ಮೊದಲೇ ನಾವು ಈ ಬೇಲಿಯ ಮೇಲೆ ತೀರ್ಮಾನಿಸಿದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಕಾಕಾ ಎಡದಂಡೆ ಕಾಲುವೆಯ ಮೇಲೆ ಮೂವತ್ತು ವರ್ಷ ಗ್ಯಾಂಗ್‌ಮನ್ ಆಗಿದ್ದವರು. ನಾನು ಸಾಲಿಯಲ್ಲಿ ಅಷ್ಟೇ ವರ್ಷ ಸಮಾಜ ಪಾಠ ಹೇಳಿದವಳು. ಹಾಗಾಗಿ ಓಣಿಗೆಲ್ಲ ನಾನು ಅಕ್ಕೋರು. ನಿವೃತ್ತಿಯಾದ ಮೇಲೆ ಅವರ ಕಾಲು ಸುಮ್ಮನೆ ಕೂಡುವುದಿಲ್ಲ, ನನ್ನ ಕಾಲು ಏಳುವುದಿಲ್ಲ. ಸಕ್ಕರೆ ಬಂದಿದೆ, ದಿನಾ ನಡೀರಿ ಎಂದು ಡಾಕ್ಟರು ಹೇಳಿ ಆಗಲೇ ಎರಡೂವರೆ ವರ್ಷ ಆಗಿತ್ತು. ಚಪ್ಪಲಿ ಕೊಂಡಿದ್ದೆ. ಅಷ್ಟು ಮಾಡಿದ್ದೆ.

ಮಗಳು ಚಿಕಾಗೋ ಹತ್ತಿರ ಇದ್ದಾಳೆ. ಆ ವರ್ಷ ದೀಪಾವಳಿಯ ಹೊತ್ತಿಗೆ ಫೋನಿನಲ್ಲಿ, ಗಂಡ ಹೆಂಡತಿ ಇಬ್ಬರೂ ಶನಿವಾರಕ್ಕೊಂದು ತುಂಡು ಎಂದು ಒಂದು ಕಾಲುದಾರಿ ನಡೆದು ಮುಗಿಸುತ್ತಿದ್ದೇವೆ ಎಂದಳು. ಇಲಿನಾಯ್ ಪ್ರೇರಿ ಪಾಥ್ ಅಂತೆ ಅದರ ಹೆಸರು. ಒಟ್ಟು 61 ಮೈಲಿ. ಮೊದಲು ಅದು ವಿದ್ಯುತ್ ರೈಲಿನ ದಾರಿಯಾಗಿತ್ತು. 1957ರಲ್ಲಿ ಪ್ರಯಾಣಿಕರ ಗಾಡಿ ನಿಂತುಹೋಯಿತು. 1963ರಲ್ಲಿ ಮೇ ವಾಟ್ಸ್ ಎಂಬ ಗಿಡಮರ ಬಲ್ಲ ಹೆಣ್ಣುಮಗಳು, ಈ ಹಾಳು ಹಳಿಯ ಜಾಗವನ್ನು ನಡೆಯುವವರಿಗೆ ಬಿಟ್ಟುಕೊಡಿ ಎಂದು ಪತ್ರಿಕೆಗೆ ಕಾಗದ ಬರೆದಳು. ಊರವರು ಕೂಡಿ ದಾರಿ ಮಾಡಿಕೊಂಡರು. ಮರುದಿನ ಇದನ್ನೆಲ್ಲ ಬೇಲಿಯ ಮೇಲೆ ವರದಿ ಒಪ್ಪಿಸಿದೆ.

“ಪ್ರೇರಿ ಅಂದ್ರೇನ್ರಿ ಅಕ್ಕೋರ?”

“ಬಯಲು ಕಾಕಾ. ಕಣ್ಣು ಹಾಯಿಸಿದಷ್ಟು ದೂರ ಬಯಲು. ಗಿಡ ಕಮ್ಮಿ, ಹುಲ್ಲು ಜಾಸ್ತಿ, ಮಣ್ಣು ಕರಿ.”

ಕಾಕಾ ಕಡ್ಡಿ ತೆಗೆದು ಉಗುಳಿದರು. “ಎರಿ ಹೊಲ ಅನ್ರಿ ಮತ್ತ. ಅದನ್ನ ನೋಡಾಕ ಅಷ್ಟು ದೂರ ಹೋಗಬೇಕೇನು? ದೊಡ್ಡ ಕಾಲಿವಿ ದಾಟಿದ್ರ ಲಿಂಗಸುಗೂರ ತನಾ ಬರೇ ಅದ ಐತಿ.” ತುಸು ತಡೆದು ಮತ್ತೆ, “ಅಲ್ರಿ, ಇದ್ದ ರೈಲು ಕಿತ್ತು ಕಾಲುದಾರಿ ಮಾಡ್ಯಾರಾ?” ಎಂದು ಕೇಳಿದರು.

ಅವರ ಸಂಕಟ ಅರ್ಥವಾಗುವಂಥದ್ದು. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗಕ್ಕೆ ಮಂಜೂರಿ ಸಿಕ್ಕದ್ದು ಕಳೆದ ಶತಮಾನದಲ್ಲಿ. ನಮ್ಮ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಮೊದಲ ದಿನ ಗಾಡಿ ನೋಡಲು ಹೋದವರಲ್ಲಿ ನಾವಿಬ್ಬರೂ ಇದ್ದೆವು. ಲಿಂಗಸುಗೂರಿನವರು ಗದಗ–ವಾಡಿ ಮಾರ್ಗದ ದಾರಿ ಕಾಯುತ್ತಿದ್ದಾರೆ. ಅದು ಈಗ ಕುಷ್ಟಗಿ ತನಕ ಬಂದು ಉಸಿರು ತೆಗೆದುಕೊಳ್ಳುತ್ತಿದೆ. ಇಂಥ ನಾಡಿನಲ್ಲಿ ನಿಂತು, ಹಳಿ ಕಿತ್ತು ನಡೆದಾಡಿದರು ಎಂದರೆ, ಉಂಡು ಮಿಕ್ಕ ಹೋಳಿಗೆ ಚೆಲ್ಲಿದರು ಎಂದ ಹಾಗೆ ಕೇಳಿಸುತ್ತದೆ.

ಆದರೂ ಮಾತು ಕಾಕಾನ ತಲೆಗೆ ಹೊಕ್ಕಿತ್ತು. ನಾಲ್ಕು ದಿನ ಬಿಟ್ಟು ಬೇಲಿಗೆ ಬಂದವರೇ, “ಐತವಾರಕ್ಕೊಂದು ಮಜಲು ಮಾಡೋಣೇನ್ರಿ? ಸಿಂಧನೂರಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು” ಎಂದರು.

ಮಜಲು. ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ಒಂದು ದಿನ ನಡೆದು ತಂಗುವಷ್ಟು ದೂರ. ಮಂಜಿಲ್ ಎಂಬ ಪರದೇಶದ ಮಾತು ನಮ್ಮಲ್ಲಿಗೆ ಬಂದು, ಮಣ್ಣು ಮೆತ್ತಿಕೊಂಡು, ಮಜಲಾಗಿದೆ. ಅದಕ್ಕೂ ಹಿಂದಿನವರದು ಹರದಾರಿ, ಗಾವುದ. ಮೂರು ಮೈಲಿಗೆ ಒಂದು ಹರದಾರಿ, ನಾಲ್ಕು ಹರದಾರಿಗೆ ಒಂದು ಗಾವುದ. ಇನ್ನೂ ಸಣ್ಣ ಲೆಕ್ಕ ಬೇಕಾದರೆ ಕೂಗಳತೆ. ಇವೆಲ್ಲ ಕಾಲಿನಿಂದ, ಗಂಟಲಿನಿಂದ ಹುಟ್ಟಿದ ಅಳತೆಗಳು. ಕಿಲೋಮೀಟರು ಭೂಗೋಳದ ಸುತ್ತಳತೆಯಿಂದ ಹುಟ್ಟಿದ್ದು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೆಚ್ಚುಕಡಿಮೆ ಐವತ್ತೈದು ಕಿಲೋಮೀಟರ್, ಅಂದರೆ ಹನ್ನೊಂದು ಹರದಾರಿ ಚಿಲ್ಲರೆ. ಹಳೆಯ ಲೆಕ್ಕದಲ್ಲಿ ಮೂರು ಗಾವುದವೂ ಆಗಲಿಲ್ಲವಲ್ಲ ಎಂದು ಧೈರ್ಯ ಬಂತು.

ನಿಯಮ ಹೀಗೆ: ಬೆಳಗ್ಗೆ ಬಸ್ಸಿನಲ್ಲಿ ಹೋಗಿ, ಹೋದ ವಾರ ನಿಲ್ಲಿಸಿದ ಜಾಗದಲ್ಲಿ ಇಳಿಯುವುದು. ಬಿಸಿಲು ನೆತ್ತಿಗೆ ಬರುವ ತನಕ ನಡೆಯುವುದು. ಸಿಕ್ಕ ಬಸ್ಸು ಹತ್ತಿ ಮನೆಗೆ ಬರುವುದು. ಏಳು ವಾರದಲ್ಲಿ ಮುಗಿಯಬೇಕಾಗಿತ್ತು. ಹನ್ನೊಂದು ಹಿಡಿಯಿತು. ಯಾಕೆಂದರೆ ಎರಡನೇ ವಾರದಿಂದ ಚಿಗವ್ವ ಕೂಡಿಕೊಂಡಳು. ಕಾಕಾನ ಹೆಂಡತಿ. ಅವಳಿಗೆ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಊರು, ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಈ ಸಲ ತೊಗರಿ ಹೆಂಗೈತಿ, ಇಷ್ಟು ತಿಳಿಯದೆ ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ.

ನಡೆಯುವುದಕ್ಕಿಂತ ಮೊದಲಿನ ತೊಡಕು ಬಸ್ಸಿನದು. “ಎಲ್ಲಿಗ್ರಿ?” ಎಂದ ಕಂಡಕ್ಟರ್.

“ಹೋದ ವಾರ ಇಳಿದ ಜಾಗಕ್ಕ” ಎಂದರು ಕಾಕಾ, ಇಡೀ ಬಸ್ಸಿಗೆ ಗೊತ್ತಿರಬೇಕಾದ ಊರಿನ ಹಾಗೆ.

“ಅಲ್ಲಿ ಸ್ಟೇಜ್ ಇಲ್ರಿ.”

“ನಮ್ಮ ಸ್ಟೇಜು ಅಲ್ಲೇ ಐತಿ.”

ಚಿಗವ್ವನಿಗೂ ನನಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಹರಿದು ಕೊಟ್ಟರೆ ಮುಗಿಯಿತು. ಕಾಕಾ ಮಾತ್ರ ಮುಂದಿನ ಸ್ಟೇಜಿನ ತನಕ ದುಡ್ಡು ಕೊಟ್ಟು ನಡುವೆ ಇಳಿಯಬೇಕು. ಹನ್ನೊಂದು ವಾರದಲ್ಲಿ ಕೊಟ್ಟೂ ಕೂಡದ ಕಿಲೋಮೀಟರುಗಳ ಲೆಕ್ಕ ಇವತ್ತಿಗೂ ಅವರ ಹತ್ತಿರ ಇದೆ.

ಮೊದಲ ಎರಡು ಮಜಲು ನೀರಿನ ಸೀಮೆ. 1953ರಲ್ಲಿ ಡ್ಯಾಮು ನಿಂತ ಮೇಲೆ ಎಡದಂಡೆಯಲ್ಲಿ ನೀರು ಹರಿದು, ಜೋಳ, ಹತ್ತಿಯ ಸೀಮೆಯಾಗಿದ್ದ ಸಿಂಧನೂರು ಭತ್ತದ ಕಣಜವಾಯಿತು. ಮೂಲದಲ್ಲಿ ಇದು ಒಣ ಬೆಳೆಗಳಿಗೆ ಆಸರೆಯಾಗಲಿ ಎಂದು ತೆಳ್ಳಗೆ ಹಂಚಬೇಕಾದ ನೀರು. ನಾವು ಮೇಲಿನವರು ಭತ್ತ ಹಚ್ಚಿ ಮೊಣಕಾಲುದ್ದ ನಿಲ್ಲಿಸಿಕೊಂಡೆವು. ಕೊನೆಭಾಗದವರು ಪ್ರತಿ ವರ್ಷ ಕಾಲುವೆಯ ತಳದ ಬಿರುಕು ಎಣಿಸುತ್ತಾರೆ. ಕಾಕಾನಿಗೆ ಊರಿನ ಹೆಸರಿಗಿಂತ ಕಾಲುವೆಯ ಮೈಲು ಚೆನ್ನಾಗಿ ಗೊತ್ತು. 47ನೇ ಮೈಲು, 69ನೇ ಮೈಲು ಎಂದರೆ ಅವರ ಪಾಲಿಗೆ ಬೀಗರ ಊರುಗಳಿದ್ದ ಹಾಗೆ. ಗದ್ದೆಯ ಬದುವಿನ ಮೇಲೆ ಬಿಳಿ ಪುಡಿಯ ಹಾಗೆ ಉಪ್ಪು ಮೇಲೆದ್ದದ್ದನ್ನು ತೋರಿಸಿ, “ಸವಳು. ನೀರಿಲ್ಲದ ಸತ್ತ ಹೊಲ ಮಳಿ ಬಂದ್ರ ಬದುಕತೈತಿ. ನೀರು ಹೆಚ್ಚಾಗಿ ಸತ್ತದ್ದು ಲಗೂನ ಏಳೂದಿಲ್ರಿ” ಎಂದರು.

ಸಿಂಧನೂರಿನ ಸುತ್ತ ಊರಿಗಿಂತ ಕ್ಯಾಂಪು ಜಾಸ್ತಿ. ಆಂಧ್ರದಿಂದ ಬಂದು ನೆಲೆನಿಂತವರ ಕ್ಯಾಂಪುಗಳು ಒಂದು ಕಡೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿಗಳಿಗೆ ಸರಕಾರ ನೆಲ ಕೊಟ್ಟ ಆರ್.ಎಚ್. ಕ್ಯಾಂಪುಗಳು ಇನ್ನೊಂದು ಕಡೆ. ಅವಕ್ಕೆ ಹೆಸರಿಲ್ಲ, ನಂಬರು. ನಮ್ಮ ಸಾಲಿಗೆ ಆ ಕ್ಯಾಂಪಿನ ಮಕ್ಕಳು ಬರುತ್ತಿದ್ದವು. ಮನೆಯಲ್ಲಿ ಬಂಗಾಲಿ, ಗದ್ದೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಮಾತಾಡಿ, ಪರೀಕ್ಷೆಯಲ್ಲಿ ಮೂರನ್ನೂ ಕಲಸಿ ಬರೆಯುತ್ತಿದ್ದವು. ಹೆದ್ದಾರಿಯಲ್ಲಿ ನಡೆಯುತ್ತಿದ್ದಾಗ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಗಕ್ಕನೆ ನಿಂತು, “ಅಕ್ಕೋರ, ಬಸ್ಸು ತಪ್ಪಿತೇನ್ರಿ? ಹತ್ರಿ” ಎಂದಿತು. ಹಳೆಯ ವಿದ್ಯಾರ್ಥಿ. ಬಸ್ಸು ತಪ್ಪಿಲ್ಲ, ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ಅವನು ನಂಬಲಿಲ್ಲ. ನಮ್ಮ ಕಡೆ ಸುಮ್ಮನೆ ಯಾರೂ ನಡೆಯುವುದಿಲ್ಲ. ಹರಕೆ ಇರಬೇಕು, ಹೋರಾಟ ಇರಬೇಕು, ಇಲ್ಲವೇ ಮನೆಯಲ್ಲಿ ಜಗಳ ಆಗಿರಬೇಕು. ನಮ್ಮ ಮೂವರ ಮುಖ ನೋಡಿ ಅವನು ಮೂರನೆಯದೇ ಇರಬೇಕೆಂದುಕೊಂಡ ಹಾಗಿತ್ತು. ಮೆಲ್ಲಗೆ ಗಾಡಿ ಬಿಟ್ಟುಕೊಂಡು ಹೋದ.

150ಎ ಹೆದ್ದಾರಿ ನಡೆಯುವವರಿಗಾಗಿ ಮಾಡಿದ್ದಲ್ಲ. ಲಾರಿ ಹಾದರೆ ಸೆರಗು ಒಂದು ಕಡೆ, ನಾವು ಒಂದು ಕಡೆ. ದೊಡ್ಡ ಕಾಲುವೆ ದಾಟಿದ ಮೇಲೆ ಕಾಕಾ ನಮ್ಮನ್ನು ಬಂಡಿದಾರಿಗೆ ಇಳಿಸಿದರು. ಊರಿಂದ ಊರಿಗೆ ಹೊಲದ ನಡುವೆ ಹೋಗುವ ಇಂಥ ದಾರಿಗಳು ಗ್ರಾಮನಕಾಶೆಯಲ್ಲಿ ಈಗಲೂ ಇವೆ. ನಕಾಶೆಯಲ್ಲಿರುವ ದಾರಿಯನ್ನು ಮುಚ್ಚುವ ಹಕ್ಕು ಹೊಲದವನಿಗೆ ಇಲ್ಲ. ಮುಚ್ಚುವ ಉಪಾಯ ಮಾತ್ರ ಇದೆ. ವರ್ಷಕ್ಕೊಂದು ಸಾಲು ನೇಗಿಲು ಒಳಗೆ ಬಂದರೆ ಹತ್ತು ವರ್ಷದಲ್ಲಿ ಬಂಡಿದಾರಿ ಕಾಲುದಾರಿಯಾಗುತ್ತದೆ, ಆಮೇಲೆ ಬಳ್ಳಾರಿ ಜಾಲಿಯ ಮುಳ್ಳು ಉಳಿದದ್ದನ್ನು ನೋಡಿಕೊಳ್ಳುತ್ತದೆ. ‘ನಮ್ಮ ಹೊಲ ನಮ್ಮ ದಾರಿ’ ಎಂದು ಸರಕಾರ ಉದ್ಯೋಗ ಖಾತ್ರಿಯಲ್ಲಿ ಇವನ್ನು ಅಲ್ಲಲ್ಲಿ ಗಟ್ಟಿ ಮಾಡಿಸಿದೆ. ಗಟ್ಟಿ ಮಾಡಿಸದ ಒಂದು ಕಡೆ ನಾವು ಮೂವರೂ ಜಾಲಿಯ ಪೊದೆಯಲ್ಲಿ ಸಿಕ್ಕಿಕೊಂಡು, ನಾಯಿಯೊಂದು ಆಚೆಯಿಂದ ಬೊಗಳುತ್ತ, ಈಚೆಯಿಂದ ಕಾಕಾ ಅದಕ್ಕೆ ಇಲಾಖೆಯ ಭಾಷೆಯಲ್ಲಿ ಉತ್ತರ ಕೊಡುತ್ತ, ಅರ್ಧ ತಾಸು ಕಳೆದೆವು. ಆ ವಾರದ ಮಜಲು ಅಲ್ಲಿಗೇ ಮುಗಿಯಿತು. ನನ್ನ ಎಡಗಾಲಿನ ಚಪ್ಪಲಿಯೂ.

ಕಾಲುವೆ ದಾಟಿದರೆ ಬಣ್ಣವೇ ಬೇರೆ. ಕೆಳಗೆ ಹಸಿರು, ಮೇಲೆ ಕಪ್ಪು. ಎರೆ ಹೊಲವನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಏನೂ ಇಲ್ಲ ಎನ್ನಿಸುತ್ತದೆ. ಮೂವತ್ತು ವರ್ಷ ನಾನೂ ಹಾಗೇ ಅಂದುಕೊಂಡು ಆ ದಾರಿಯಲ್ಲಿ ನಿದ್ದೆ ಹೊಡೆದವಳು. ಕಾಲಿನ ಎತ್ತರದಲ್ಲಿ ಲೋಕ ಬೇರೆ ಇದೆ. ಬಿಳಿಜೋಳದ ಹೊಲದ ಅಂಚಿಗೆ ಕುಸುಬಿಯ ಸಾಲು. ಅದರ ಮುಳ್ಳಿಗೆ ದನ ಒಳಗೆ ಬಾಯಿ ಹಾಕುವುದಿಲ್ಲ, ಬೇಲಿಯೂ ಅದೇ, ಎಣ್ಣೆಯೂ ಅದೇ. ಕಡಲೆಯ ಹೊಲದಲ್ಲಿ ನಸುಕಿನಲ್ಲಿ ನಡೆದರೆ ಕಾಲು ಚುರುಗುಟ್ಟುತ್ತದೆ, ಎಲೆಯ ಮೇಲಿನ ಹುಳಿ ಅದು. ಹಿಂದೆ ರಾತ್ರಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ, ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಈ ನೆಲ ಒಡೆದ ಬಿರುಕಿನಲ್ಲಿ ಕೈ ಇಳಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಕಾಲಿಗೆ ಹತ್ತಿ, ಹತ್ತು ಹೆಜ್ಜೆಗೆ ಚಪ್ಪಲಿ ಒಂದೊಂದು ಸೇರು ತೂಗುತ್ತದೆ. ನಡೆಯಬೇಕಾದರೆ ದೀಪಾವಳಿಯಿಂದ ಶಿವರಾತ್ರಿ ತನಕ, ಅಷ್ಟೇ. ಉಳಿದ ಎಂಟು ತಿಂಗಳು ಎರೆ ಯಾರನ್ನೂ ಕರೆಯುವುದಿಲ್ಲ.

ಬಯಲು ಅಂದರೆ ಹಕ್ಕಿ. ಕೌಜುಗ ಕಾಲ ಬುಡದಿಂದ ಭರ್ರೆಂದು ಏಳುತ್ತದೆ, ಎದೆ ಧಸಕ್ಕೆನ್ನುತ್ತದೆ. ತಂತಿಯ ಮೇಲೆ ನೀಲಕಂಠ. ಜಿಂಕಿ ಕಾಟಕ್ಕ ಬಿತ್ತೂದ ಬ್ಯಾಡಾಗೈತಿ ಎಂದು ಬೈಯುವ ರೈತರು ದಾರಿಯುದ್ದಕ್ಕೂ ಸಿಕ್ಕರು. ಜಿಂಕೆ ಎಂದು ಅವರು ಬೈದದ್ದು ಚಿಗರಿಯನ್ನೇ. ಒಂದು ಮುಂಜಾನೆ ಅವು ನಮಗೂ ಕಂಡವು. ನಾಲ್ಕೈದು ಹೆಣ್ಣು, ಒಂದು ತಿರುಚುಕೊಂಬಿನ ಗಂಡು. ಚಂದ ಎಂದೆ. ಪಕ್ಕದ ಹೊಲದವನ ಮುಖ ನೋಡಿ ಸುಮ್ಮನಾದೆ. ಕಾಕಾ ತಾವು ಹುಡುಗರಿದ್ದಾಗ ಎರೆಭೂತ ನೋಡಿದ್ದರಂತೆ. ಹೆಸರು ಕೇಳಿ ಹೆದರಬೇಡಿ, ಹಕ್ಕಿ ಅದು. ಮೊಣಕಾಲಿಗಿಂತ ಎತ್ತರ, ಕುರಿಮರಿಯಷ್ಟು ತೂಕ, ಜೋಳದ ಹೊಲದಲ್ಲಿ ಬಗ್ಗಿದ ಮುದುಕನ ಹಾಗೆ ನಡೆಯುತ್ತದೆ. ದೇಶದಲ್ಲೇ ಈಗ ನೂರೈವತ್ತಕ್ಕಿಂತ ಕಡಿಮೆ ಉಳಿದಿವೆ. ಕರ್ನಾಟಕದಲ್ಲಿ ಅವಕ್ಕೆ ಉಳಿದ ಜಾಗ ಹೊಳೆಯ ಆಚೆಯ ಸಿರುಗುಪ್ಪದ ಬಯಲು, ಅಲ್ಲೂ ಬೆರಳೆಣಿಕೆಯಷ್ಟು. ಭತ್ತದ ಗದ್ದೆಯಲ್ಲಿ ಅದು ನಿಲ್ಲುವುದಿಲ್ಲ. ಅದಕ್ಕೆ ಬೇಕಾದದ್ದು ನಾವು ಏನೂ ಇಲ್ಲ ಅನ್ನುವ ಜಾಗ. ಹನ್ನೊಂದು ವಾರ ಕಾಕಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಒಂದು ಸಲ, “ಅಗಾ ಅಲ್ಲಿ!” ಎಂದರು. ಬೆದರುಗೊಂಬೆ.

ಎಳ್ಳಮವಾಸ್ಯೆ ಆ ವರ್ಷ ಸೋಮವಾರ ಬಿದ್ದಿತ್ತು. ಐತವಾರ ಬಿಟ್ಟು ಅವತ್ತೇ ಹೊರಟದ್ದು ನಮ್ಮ ತಪ್ಪು, ಅಥವಾ ಚಿಗವ್ವನ ಹಂಚಿಕೆ. ಎಳ್ಳಮವಾಸ್ಯೆಯ ದಿನ ಈ ಸೀಮೆಯಲ್ಲಿ ಹೊಲದ ದಾರಿ ಹಿಡಿದು ಯಾರೂ ದೂರ ಹೋಗಲಾರರು. ಮನೆ ಮಂದಿಯೆಲ್ಲ ಬಂಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಹೊಲಕ್ಕೆ ಬಂದು, ಭೂಮಿತಾಯಿಗೆ ಚರಗ ಚೆಲ್ಲಿ ಊಟಕ್ಕೆ ಕೂತಿರುತ್ತಾರೆ. ದಾರಿಹೋಕರಿಗೆ ಉಣಿಸದೆ ಬಿಟ್ಟರೆ ಅವರ ಚರಗಕ್ಕೇ ಕೊರತೆ. ಮೊದಲ ಹೊಲದಲ್ಲಿ ಸಜ್ಜಿರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ. ಎರಡನೆಯದರಲ್ಲಿ ಶೇಂಗಾದ ಹೋಳಿಗೆ. ಸಕ್ಕರೆ ಐತ್ರಿ ಎಂದೆ. “ಇದರಾಗ ಸಕ್ಕರಿ ಎಲ್ಲೈತ್ರಿ, ಬೆಲ್ಲ” ಎಂದು ಎರಡು ಹಾಕಿದರು. ಮೂರನೆಯ ಹೊಲದ ಬೇವಿನ ನೆರಳಿಗೆ ಕೂತವರು ಎದ್ದದ್ದು ನಾಲ್ಕು ಗಂಟೆಗೆ. ಅವತ್ತು ಕಾಕಾನ ಅಳತೆಯ ಪ್ರಕಾರ ನಾವು ಸವೆಸಿದ್ದು ಮುಕ್ಕಾಲು ಮೈಲಿ, ಅದರಲ್ಲಿ ಅರ್ಧ ಹಿಂದಕ್ಕೆ.

ಸಂಕ್ರಾಂತಿ ಕಳೆದ ಮೇಲೆ ಮಸ್ಕಿ ಮುಟ್ಟಿದೆವು. ಬಯಲು ಮುಗಿದು ಒಮ್ಮೆಲೇ ಗುಡ್ಡ. ಯಾರೋ ಬಂಡೆಗಳನ್ನು ಚೀಲದಿಂದ ಸುರಿದು ಹೋದ ಹಾಗೆ. ಮೇಲೆ ಮಲ್ಲಿಕಾರ್ಜುನ, ಊರವರಿಗೆ ಎರಡನೇ ಶ್ರೀಶೈಲ. ಇಲ್ಲೇ ಸಾವಿರ ವರ್ಷದ ಹಿಂದೆ ರಾಜೇಂದ್ರ ಚೋಳನೂ ಚಾಲುಕ್ಯರ ಜಯಸಿಂಹನೂ ಕಾದಾಡಿದರು, ಚೋಳರ ಶಾಸನದ ಮುಶಂಗಿ ಇದೇ ಎನ್ನುವವರಿದ್ದಾರೆ. ಆ ಶಾಸನದಲ್ಲಿ ಚೋಳ ಗೆದ್ದಿದ್ದಾನೆ, ಬರೆಸಿದವನು ಚೋಳನೇ. ನಾವು ಗುಡ್ಡಕ್ಕೆ ಹೋದದ್ದು ಇನ್ನೂ ಹಳೆಯ ಬರಹಕ್ಕೆ.

ಅಶೋಕನ ಬಂಡೆಯ ಪಾಠವನ್ನು ನಾನು ಮೂವತ್ತು ವರ್ಷ ಹೇಳಿದ್ದೇನೆ. ಮಸ್ಕಿ, 1915, ಅಶೋಕ ಎಂಬ ಹೆಸರು ಮೊದಲು ಸಿಕ್ಕ ಅವನದೇ ಶಾಸನ, ಒಂದು ಅಂಕ. ಇಪ್ಪತ್ತೇಳು ಕಿಲೋಮೀಟರ್ ದೂರದ ಆ ಬಂಡೆಯನ್ನು ಒಂದೇ ಸಲ, ಮಕ್ಕಳನ್ನು ಕರೆದುಕೊಂಡು ಬಂದಾಗ, ಯಾರೂ ಕಳೆದುಹೋಗಬಾರದೆಂದು ತಲೆ ಎಣಿಸುತ್ತ ನೋಡಿದ್ದೆ. ಈಗ ನಡೆದು ಬಂದವಳಿಗೆ ಅದು ಬೇರೆಯೇ ಕಂಡಿತು. ಒಂದರ ಮೇಲೊಂದು ಒರಗಿದ ಬಂಡೆಗಳ ನೆರಳು, ಆ ನೆರಳಿನಲ್ಲಿ ಬ್ರಾಹ್ಮಿ ಅಕ್ಷರ. ದಾರಿ ನಡೆದು ದಣಿದವನು ಕೂಡುವ ಜಾಗ ಅದು, ನೆಟ್ಟಗೆ ನಿಂತು ಓದುವ ಜಾಗ ಅಲ್ಲ.

ಕಾಕಾನಿಗೆ ಕತೆ ಹೇಳಿದೆ. ದೇವಾನಾಂಪ್ರಿಯ ಎಂಬ ರಾಜನ ಶಾಸನಗಳನ್ನು 1837ರ ಹೊತ್ತಿಗೆ ಪ್ರಿನ್ಸೆಪ್ ಓದಿದ. ಸಿಂಹಳದ ಗ್ರಂಥಗಳ ನೆರವಿನಿಂದ ಇವನು ಅಶೋಕನೇ ಇರಬೇಕೆಂದರು. ಆದರೆ ಕಲ್ಲಿನ ಮೇಲೆ ಆ ಹೆಸರು ಇರಲಿಲ್ಲ. ಎಪ್ಪತ್ತೆಂಟು ವರ್ಷ ಬಿಟ್ಟು ನಿಜಾಮನ ಸೀಮೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಈ ಬಂಡೆಯನ್ನು ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ದೇವಾನಾಂಪಿಯಸ ಅಸೋಕಸ ಎಂದು ಇತ್ತು.

“ಮತ್ತ ಚಿನ್ನ?”

“ಚಿನ್ನ ಹಟ್ಟಿಯಲ್ಲಿ ಸಿಕ್ಕತು ಕಾಕಾ. ಅಶೋಕನ ಕಾಲಕ್ಕಿಂತ ಹಿಂದೇ ಅಲ್ಲಿ ಅಗೆದಿದ್ದಾರೆ ಅಂತಾರೆ.”

“ಹಂಗಾರ ಅಶೋಕ ಸುಮ್ನ ಇಷ್ಟು ದೂರ ಬಂದಿಲ್ಲ ಬಿಡ್ರಿ.” ಕಾಕಾ ಹೀಗೇ. ವಿದ್ವಾಂಸರು ಪುಟಗಟ್ಟಲೆ ಬರೆದದ್ದನ್ನು ಬೇವಿನ ಕಡ್ಡಿಯಲ್ಲಿ ತೋರಿಸುತ್ತಾರೆ.

ಇಷ್ಟು ಹೇಳುವಾಗ ಶಾಸನದ ಒಳಗಿನ ಮಾತು ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಮಸ್ಕಿಯ ಕಲ್ಲು ಅಲ್ಲಲ್ಲಿ ಸವೆದಿದೆ. ಬೇರೆ ಊರಿನ ಪ್ರತಿಗಳನ್ನು ಕೂಡಿಸಿ ಓದಿದರೆ ಚಕ್ರವರ್ತಿ ಹೇಳುವುದು ಇಷ್ಟು: ನಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷದ ಮೇಲಾಯಿತು, ಮೊದಮೊದಲು ಅಂಥ ಉತ್ಸಾಹವೇನೂ ತೋರಿಸಲಿಲ್ಲ, ಸಂಘದ ಹತ್ತಿರ ಹೋಗಿ ಒಂದು ವರ್ಷದ ಮೇಲಾಯಿತು, ಈಗ ಚುರುಕಾಗಿದ್ದೇನೆ. ಇದು ದೊಡ್ಡವರಿಗೆ ಮಾತ್ರ ಆಗುವಂಥದ್ದಲ್ಲ, ಮನಸ್ಸು ಮಾಡಿದರೆ ಸಣ್ಣವರಿಗೂ ಆಗುತ್ತದೆ.

“ಎರಡೂವರಿ ವರ್ಷ!” ಎಂದು ಕಾಕಾ ನನ್ನ ಕಡೆಯೇ ನೋಡಿದರು. “ಚಪ್ಪಲಿ ಆತನೂ ಕೊಂಡಿದ್ನೇನ್ರಿ?”

ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಅಂಕಿ ಇದೆ; ಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಪಂಡಿತರು ಅರ್ಥ ಮಾಡುತ್ತಾರೆ. ಚಿಗವ್ವ ಬುತ್ತಿ ಬಿಚ್ಚುತ್ತಿದ್ದವಳು ತಲೆ ಎತ್ತಿದಳು. “ಇನ್ನೂರಾ ಐವತ್ತಾರು ರಾತ್ರಿನಾ? ಹೇಣ್ತಿ ಏನಂದ್ಲು? ಅದನ್ನ ಯಾರೂ ಕಲ್ಲಾಗ ಬರೀಲಿಲ್ಲೇನು?” ಮೂವತ್ತು ವರ್ಷದಲ್ಲಿ ಒಂದು ಮಗುವೂ ಕೇಳದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಮೊಸರು ಬುತ್ತಿ ಇತ್ತು.

ಮಸ್ಕಿಯಲ್ಲಿ ನಾವು ಎರಡು ವಾರ ಹೆಚ್ಚಿಗೆ ಸುತ್ತಿದೆವು. ಹಳ್ಳ ಏರಿ ಹೋದರೆ ಹಳೆಯ ಕಾಲದ ಮಡಕೆ ಚೂರು, ಬೂದಿಮಣ್ಣು. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಅಗೆಸಿದ್ದರು. ಒಂದು ಐತವಾರ ಅಡ್ಡದಾರಿ ಹಿಡಿದು ಸಂತೆಕೆಲ್ಲೂರು. ಅಲ್ಲಿ ಘನಮಠದ ಶಿವಯೋಗಿಗಳ ಗದ್ದುಗೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ವಾಮಿಗಳು ಮೋಕ್ಷದ ಬಗ್ಗೆ ಬರೆಯುವುದು ಬಿಟ್ಟು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂದು ಬೇಸಾಯದ ಗ್ರಂಥ ಬರೆದರು ಎಂದರೆ, ಅವರು ಈ ಎರೆಯ ಮೇಲೆ ಬಹಳ ನಡೆದಿರಬೇಕು. ಚಿಗವ್ವ ಗದ್ದುಗೆಗೆ ಕೈಮುಗಿದು, ತೊಗರಿ ಹುಳದ ಬಗ್ಗೆ ಒಂದು ಮಾತು ಹಾಕಿ ಬಂದಳು.

ಮಸ್ಕಿಯಿಂದ ಮುಂದೆ ನೆಲ ಕಲ್ಲುಕಲ್ಲು, ದಾರಿ ಏರು. ಪಾಮನಕಲ್ಲೂರಿನ ಕಡೆಯವರು 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತದ್ದು ಈ ಭಾಗದ ಒಣ ಹೊಲಗಳಿಗಾಗಿಯೇ. ಎಡಕ್ಕೆ ತುಂಗಭದ್ರೆ, ಬಲಕ್ಕೆ ಕೃಷ್ಣೆ, ಎರಡೂ ಹೊಳೆಗಳ ನಡುವೆ ಎಡೆದೊರೆ ನಾಡು ಎಂದು ಹೆಸರು, ಕುಡಿಯುವ ನೀರಿಗೆ ಟ್ಯಾಂಕರು. ಕಾಕಾ ಇಲ್ಲಿ ಮಾತು ಕಡಿಮೆ ಮಾಡಿದರು. ನೀರು ಬಿಟ್ಟ ಮನುಷ್ಯನಿಗೆ ನೀರಿಲ್ಲದ ಊರಿನಲ್ಲಿ ನಡೆಯುವುದು ಕಷ್ಟ ಅನ್ನಿಸಿರಬೇಕು.

ನನ್ನ ಕಾಲಿಗೆ ಗುಳ್ಳೆ ಎದ್ದದ್ದು ಇಲ್ಲೇ. ನಾನು ಹುಣಸೆಮರದ ಬುಡದಲ್ಲಿ ಕೂತು ಮುಖ ಸಣ್ಣ ಮಾಡಿಕೊಂಡಾಗ ಚಿಗವ್ವ ನನ್ನ ಪಾದ ತನ್ನ ತೊಡೆಯ ಮೇಲೆ ಎಳೆದುಕೊಂಡಳು. “ಸೂಜಿ ದಾರ ಪೋಣಿಸಿ, ದಾರ ಅದರಾಗ ಬಿಟ್ರ ನೀರು ತಾನ ಸೋರಿ ಹೊಕ್ಕತಿ. ನಿನಗ ಬ್ಯಾಡ, ಸಕ್ಕರಿ ಕಾಲು. ಬಟ್ಟಿ ಸುತ್ತತೀನಿ.” ಇದೆಲ್ಲ ನಿನಗೆ ಹೇಗೆ ಗೊತ್ತು ಎಂದೆ. “ನಾನು ಮೂರು ಸಲ ಶ್ರೀಶೈಲಕ್ಕ ನಡದು ಹೋಗಿ ಬಂದೀನಿ.”

ನಾನು ಕಾಕಾನ ಮುಖ ನೋಡಿದೆ, ಕಾಕಾ ಹುಣಸೆಮರ ನೋಡಿದರು. ಹನ್ನೊಂದು ವಾರ ನಾವಿಬ್ಬರೂ ದೊಡ್ಡ ಯಾತ್ರಿಕರ ಹಾಗೆ ಅಳತೆ, ನಕಾಶೆ, ಅಶೋಕ ಎಂದು ಮಾತಾಡುತ್ತಿದ್ದರೆ, ಬುತ್ತಿ ಹೊತ್ತು ಹಿಂದೆ ಬರುತ್ತಿದ್ದವಳು ಇಷ್ಟು ನಡೆದವಳು. ಯುಗಾದಿಗೆ ಮೊದಲು ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆಯಿಂದ ಕಂಬಿ ಹೊತ್ತು ಮಲ್ಲಯ್ಯನ ಹೆಸರು ಹೇಳುತ್ತ ಬರುವ ಸಾವಿರಾರು ಜನ ಲಿಂಗಸುಗೂರಿನ ಮೇಲೆ ಹಾದು ರಾಯಚೂರಿನ ಕಡೆ ಹೋಗುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು. ದಾರಿಯುದ್ದಕ್ಕೂ ಊರವರು ಬಿಸಿನೀರು ಕಾಸಿ ಕಾಲು ತೊಳೆಯುತ್ತಾರೆ, ಮಜ್ಜಿಗೆ, ಬಾಳೆಹಣ್ಣು, ರೊಟ್ಟಿ ಪಲ್ಲೆ. ಚಿಗವ್ವ ಹೇಳಿದಳು: “ಮೊದಲ ದಿನ ಕಾಲು ನಡೀತಾವ. ಮೂರನೇ ದಿನ ಮಂದಿ ನಡಸ್ತಾರ. ಆಮ್ಯಾಲ ಯಾರು ನಡಸ್ತಾರೋ ಗೊತ್ತಾಗೂದಿಲ್ಲ. ನೀವು ಹಿಂಗ ಬಸ್ಸಿನ್ಯಾಗ ಬಂದು ಹೋಗಿ ಮಾಡೂದು ನಡಿಗಿ ಅಲ್ಲ, ಸಂತಿ.” ಕಾಕಾ ಆಗಲೂ ಹುಣಸೆಮರವನ್ನೇ ನೋಡುತ್ತಿದ್ದರು.

ಶಿವರಾತ್ರಿಗೆ ಎರಡು ವಾರ ಇರುವಾಗ ಲಿಂಗಸುಗೂರು ಸೇರಿದೆವು. ಹಳೆಯವರು ಇದನ್ನು ಈಗಲೂ ಛಾವಣಿ ಅನ್ನುತ್ತಾರೆ. ಹೈದರಾಬಾದ್ ಕಂಟಿಂಜೆಂಟಿನ ಪಡೆ ಇದ್ದ ಊರು, 1858ರಲ್ಲಿ ಸುರಪುರದ ಮೇಲೆ ದಂಡು ಹೋದದ್ದು ಇಲ್ಲಿಂದಲೇ. ನಿಜಾಮರ ಕಾಲದಲ್ಲಿ ಇದು ಜಿಲ್ಲೆಯೇ ಆಗಿತ್ತು. 1905ರಲ್ಲಿ ಕಿತ್ತು ರಾಯಚೂರಿಗೆ ಸೇರಿಸಿದರು. ಮತ್ತೆ ಜಿಲ್ಲೆ ಮಾಡಿ ಎಂದು ಊರವರು ಈಗಲೂ ಕೇಳುತ್ತಾರೆ. ಬಸ್‌ಸ್ಟ್ಯಾಂಡಿನ ಮುಂದೆ ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ. ಮುದಗಲ್ಲಿನ ಕೋಟೆ, ಕೃಷ್ಣೆಯ ನಡುಗಡ್ಡೆಯ ಜಲದುರ್ಗ, ಗುರುಗುಂಟಾದ ಅಮರೇಶ್ವರ ಎಲ್ಲವೂ ಇಲ್ಲಿಂದ ಒಂದೊಂದು ಮಜಲು. ಕಾಕಾ ಚಹಾದ ಲೋಟದ ತಳದಿಂದ ಮೇಜಿನ ಮೇಲೆ ನೀರಿನ ಗೆರೆ ಎಳೆದು ಅವನ್ನೆಲ್ಲ ಗುರುತು ಹಾಕಿದರು. ಹುಡುಗ ಬಂದು ಅರಿವೆಯಿಂದ ಒರೆಸಿಕೊಂಡು ಹೋದ.

ಹಿಂದಕ್ಕೆ ಹತ್ತಿದ ಬಸ್ಸಿನಲ್ಲಿ ಅದೇ ಕಂಡಕ್ಟರ್. ಈ ಸಲ ಅವನೇ ಕೇಳಿದ: “ಇವತ್ತು ಎಲ್ಲಿ ಇಳೀತೀರಿ ಕಾಕಾ?”

“ಸಿಂಧನೂರಿಗೆ ಸೀದಾ.”

“ಸ್ಟೇಜ್ ಐತಿ” ಎಂದು ಟಿಕೆಟ್ ಕೊಟ್ಟ.

ಹನ್ನೊಂದು ವಾರದ ದಾರಿ ಒಂದೂಕಾಲು ತಾಸಿನಲ್ಲಿ ಹಿಂದಕ್ಕೆ ಓಡಿತು. ಚಿಗವ್ವ ಖಾಲಿ ಬುತ್ತಿಗಂಟಿನ ಮೇಲೆ ತಲೆ ಇಟ್ಟು ಮಲಗಿದಳು. ನನಗೆ ಮೊದಲ ಸಲ ಆ ದಾರಿಯಲ್ಲಿ ನಿದ್ದೆ ಬರಲಿಲ್ಲ. ಕಾಕಾ ಕಿಟಕಿಗೆ ಮುಖ ಹಚ್ಚಿ ಒಂದೊಂದೇ ಹೇಳುತ್ತಿದ್ದರು: ಗುಳ್ಳಿ ಹುಣಸೀಮರ. ಚಿಗರಿ ಹೊಲ. ಮೂರನೇ ಹೋಳಿಗಿ ಬೇವು. ಆಮೇಲೆ ದೊಡ್ಡ ಕಾಲುವೆಯ ಏರು ಕಾಣಿಸಿದಾಗ ನನ್ನ ಭುಜ ತಟ್ಟಿದರು.

“ಅಕ್ಕೋರ, ನಿಮ್ಮ ಚಪ್ಪಲಿ ಇನ್ನೂ ಅಲ್ಲೇ ಬಿದ್ದೈತಿ ನೋಡ್ರಿ.”